ಬ್ರೇಕ್ ಬಿಟ್ಟ ಮೇಲಿನ ಒಂದು ಸೆಕೆಂಡು

ಆಗಸ್ಟ್ 4

ಪ್ರೀತಿಯ ಅತ್ತಿಗೆ,

ಪೆಟ್ಟಿಗೆ ಒಡೆಯದೆ ತಲುಪಿತು ಅಂತ ನಿಮ್ಮ ಚೀಟಿ ಬಂತು. ಈಗ ನಾನು ಹೇಳೋದನ್ನು ನಿಧಾನವಾಗಿ ಓದಿ, ಆಮೇಲೆ ಟೋಪಿ ಮುಟ್ಟಿ.

ಟೋಪಿಯ ಒಳಗೆ ಹದಿನಾರು ಬಿಲ್ಲೆಗಳಿವೆ. ಒಂದೊಂದಕ್ಕೂ ಟ್ಯೂಬಿನ ಜೆಲ್ ಬಟಾಣಿ ಕಾಳಿನಷ್ಟು ಹಚ್ಚಿ ಅಣ್ಣನ ತಲೆಗೆ ಹಾಕಿ. ಡಬ್ಬಿಯ ಗುಂಡಿ ಒತ್ತಿ. (ನನ್ನನ್ನಲ್ಲ. ಮದುವೆ ದಿನ ನನ್ನನ್ನು ಕಂಡು ನೀವಿಟ್ಟ ಹೆಸರು ಇಲ್ಲಿ ಕೆಲಸ ಮಾಡೋರಿಗೂ ಗೊತ್ತಾಗಿಬಿಟ್ಟಿದೆ.) ಡಬ್ಬಿ ಹತ್ತು ಹತ್ತು ಸೆಕೆಂಡಿಗೆ ಒಂದು ಮಾತಾಡುತ್ತೆ. 'ಮುಷ್ಟಿ' ಅಂದರೆ ಅಣ್ಣ ಬಲಗೈ ಬಿಗಿ ಹಿಡಿದ ಹಾಗೆ ಮನಸ್ಸಲ್ಲೇ ಅಂದುಕೊಳ್ಳಬೇಕು. 'ಸುಮ್ಮನೆ' ಅಂದರೆ ಏನೂ ಮಾಡಬಾರದು. ದಿನಕ್ಕೆ ಅರವತ್ತು ಸಲ, ಅಷ್ಟೇ.

ಕೈ ಅಲ್ಲಾಡದಿದ್ದರೂ ಪರವಾಗಿಲ್ಲ. ಅಲ್ಲಾಡಿಸಬೇಕು ಅಂತ ಅನ್ನಿಸಿದರೆ ಸಾಕು, ಮಿದುಳಿನಲ್ಲಿ ಸಣ್ಣ ಅಲೆ ಏಳುತ್ತೆ. ಹದಿನಾರು ಬಿಲ್ಲೆಗಳಿಂದ ಬರೋದನ್ನು ನಾನು ಆರುನೂರು ಅಳತೆಗಳಾಗಿ ಒಡೀತೀನಿ: ತಲೆಯ ಯಾವ ಜಾಗ, ಎಷ್ಟು ವೇಗದ ಅಲೆ, ಎಷ್ಟನೇ ಸೆಕೆಂಡು. ಅದರಲ್ಲಿ ಐನೂರ ತೊಂಬತ್ತು ಕಸ. ಕಣ್ಣು ಪಿಳುಕಿದ್ದು, ಗಂಟಲು ನುಂಗಿದ್ದು, ಎಲ್ಲ ಬಂದು ಸೇರಿರುತ್ತೆ. ಉಳಿದ ಹತ್ತನ್ನು ಆರಿಸೋದೇ ನನ್ನ ಕಸುಬು. ಆ ಹತ್ತು ಗುರುತು ಸಿಕ್ಕರೆ ಮುಷ್ಟಿಯೇ 'ಹೌದು' ಆಗುತ್ತೆ, ಸುಮ್ಮನಿರೋದು 'ಇಲ್ಲ' ಆಗುತ್ತೆ.

ಟೋಪಿ ನವೆಂಬರ್ ಕೊನೆಗೆ ವಾಪಸ್ ಬರಬೇಕು ಅಂತ ನಮ್ಮ ಲ್ಯಾಬಿನ ಹಿರಿಯರು ಹೇಳಿದ್ದಾರೆ. ಅಷ್ಟು ದಿನ ಬೇಕಾಗೋದೂ ಇಲ್ಲ. ವಾರಕ್ಕೊಮ್ಮೆ ಮೆಮೊರಿ ಕಾರ್ಡ್ ಕಳಿಸಿ.

ನಿಮ್ಮ
ಗುಂಡಿ

ಆಗಸ್ಟ್ 13

ಗುಂಡಿ,

ಮೊದಲ ಕಾರ್ಡ್ ಇದರ ಜೊತೆ ಇದೆ. ಇನ್ನು ಮೇಲೆ ಫೋನ್ ಮಾಡಬೇಡ. ನಮ್ಮದು ಮೂರು ಕೋಣೆಯ ಮನೆ, ಎಲ್ಲಿ ನಿಂತು ಮಾತಾಡಿದರೂ ಅವರಿಗೆ ಕೇಳಿಸುತ್ತೆ. ಮನುಷ್ಯ ಮಲಗಿರುವಾಗ ಅವನ ಕಿವಿ ಮುಂದೆಯೇ ಅವನ ಮಿದುಳಿನ ಲೆಕ್ಕಾಚಾರ ಮಾಡೋದು ನನಗೆ ಆಗಲ್ಲ. ಡಾಕ್ಟರು ಅದನ್ನೇ ಮಾಡಿದ್ದು. ಮಂಚದ ಕಾಲು ಹತ್ತಿರ ನಿಂತು, 'ಕಣ್ಣು ತೆರೆದಿದೆ, ಒಳಗೆ ಯಾರೂ ಇರುವಂತೆ ಕಾಣಲ್ಲ' ಅಂದರು. ಬಾಡಿಗೆ ಮನೆ ನೋಡೋಕೆ ಬಂದವರ ಹಾಗೆ! ಆದ್ದರಿಂದ ಕಾಗದ ಬರಿ. ಹೇಗೂ ಕಾರ್ಡಿಗೆ ಲಕೋಟೆ ಬೇಕೇ ಬೇಕು.

ಅವರು ಒಳಗೇ ಇದ್ದಾರೆ, ನನಗೆ ಗೊತ್ತು. ಮಾರ್ಚ್‌ನಲ್ಲಿ ತಲೆಯೊಳಗೆ ರಕ್ತನಾಳ ಒಡೆದಾಗಲೂ ಡಿಪೋಗೆ ಬಂದು, ಬಸ್ಸನ್ನು ಗೆರೆಯೊಳಗೆ ನಿಲ್ಲಿಸಿ, ಇಂಜಿನ್ ಆರಿಸಿ, ಆಮೇಲೆ ಬಿದ್ದ ಮನುಷ್ಯ. ಅಂಥವರು ಹೇಳದೆ ಕೇಳದೆ ಎಲ್ಲಿಗೂ ಹೋಗಲ್ಲ.

ನಿನ್ನ ಆರುನೂರು ಅಳತೆ ಓದಿ ನಗು ಬಂತು. ನಾನು ಒಂದು ಅಂಗಿಗೆ ಹತ್ತು ಕಡೆ ಟೇಪು ಹಿಡೀತೀನಿ. ನಿಜವಾಗಿ ಬೇಕಾದ್ದು ಭುಜ, ಎದೆ, ತೋಳು. ಉಳಿದದ್ದು ಗಿರಾಕಿಯ ಸಮಾಧಾನಕ್ಕೆ.

ಅತ್ತಿಗೆ

ಆಗಸ್ಟ್ 27

ಅತ್ತಿಗೆ!

ಕೂತ್ಕೊಳ್ಳಿ. ನೂರಕ್ಕೆ ತೊಂಬತ್ತಾರು!

ಎರಡು ಕಾರ್ಡಿನಲ್ಲಿದ್ದ ಒಟ್ಟು ಏಳುನೂರ ಇಪ್ಪತ್ತು ಸಲದಲ್ಲಿ, ಡಬ್ಬಿ 'ಮುಷ್ಟಿ' ಅಂದಿದ್ದು ಯಾವಾಗ, 'ಸುಮ್ಮನೆ' ಅಂದಿದ್ದು ಯಾವಾಗ ಅಂತ ಬರೀ ಅಣ್ಣನ ಅಲೆ ನೋಡಿ ನನ್ನ ಲೆಕ್ಕ ಹೇಳಿಬಿಡುತ್ತೆ. ಒಂಬತ್ತು ವರ್ಷದಲ್ಲಿ ಆರೋಗ್ಯವಂತರ ತಲೆಯಲ್ಲೂ ನನಗೆ ಇಷ್ಟು ಸ್ವಚ್ಛವಾದ ಗುರುತು ಸಿಕ್ಕಿರಲಿಲ್ಲ. ಹತ್ತು ಗುರುತೂ ಬೇಕಾಗಲಿಲ್ಲ, ಮೂರೇ ಸಾಕಾಯ್ತು. ನಿಮ್ಮ ಭುಜ, ಎದೆ, ತೋಳಿನ ಹಾಗೆ.

ಅಣ್ಣನಿಗೆ ಹೇಳಿ, ಅವನ ತಂಗಿಗೆ ಅವನ ಮಾತು ಕೇಳಿಸಿತು ಅಂತ.

ಗುಂಡಿ

ಸೆಪ್ಟೆಂಬರ್ 2

ಗುಂಡಿ,

ನಿನ್ನ ಕಾಗದವನ್ನು ಅವರಿಗೆ ಎರಡು ಸಲ ಓದಿದೆ. ಕೊನೇ ಸಾಲು ಮಾತ್ರ ಮೂರನೇ ಸಲವೂ ಓದಿದೆ.

ಮರುದಿನ ಬೆಳಿಗ್ಗೆ ಸೀದಾ ಆಸ್ಪತ್ರೆಗೆ ಹೋದೆ. ಡಾಕ್ಟರ ಕೋಣೆ ಮುಂದೆ ಚೀಟಿ ಹಿಡಿದು ಕೂತವರನ್ನೆಲ್ಲ ದಾಟಿ ಒಳಗೆ ಹೋಗಿ, 'ತೊಂಬತ್ತಾರು' ಅಂದೆ. ಅವರು ಜ್ವರ ಅಂದುಕೊಂಡು 'ಅದು ಕಡಿಮೆಯೇ ಆಯ್ತಲ್ಲಮ್ಮ' ಅಂದರು. ಆಮೇಲೆ ಬಿಡಿಸಿ ಹೇಳಿದೆ. ತಳ್ಳಿಹಾಕಲಿಲ್ಲ, ಪಾಪ. 'ನವೆಂಬರ್‌ನಲ್ಲಿ ಮನೆಗೇ ಬಂದು ನೋಡ್ತೀನಿ, ನನ್ನ ಎದುರಿಗೆ ಆಗಲಿ' ಅಂದರು. ಬರಲಿ ಅಂತ ಒಪ್ಪಿಕೊಂಡು ಬಂದಿದೀನಿ.

ಅತ್ತಿಗೆ

ಸೆಪ್ಟೆಂಬರ್ 5

ಅತ್ತಿಗೆ,

ಒಂದು ಸಣ್ಣ ವಿಷಯ. ಟೋಪಿ ಹಾಕಿರುವಾಗ ನೀವು ಏನು ಮಾಡ್ತಿರ್ತೀರಿ? ಎಲ್ಲಿ ಕೂತಿರ್ತೀರಿ? ಒಂದೂ ಬಿಡದೆ ಬರೆಯಿರಿ. ಬೇಗ.

ಗುಂಡಿ

ಸೆಪ್ಟೆಂಬರ್ 9

ಗುಂಡಿ,

ನಾನೇನು ಮಾಡ್ತಿರ್ತೀನಿ ಅಂತ ಕೇಳ್ತೀಯಾ? ಬರ್ಕೋ. ಐದಕ್ಕೆ ಏಳ್ತೀನಿ. ನಿನ್ನಣ್ಣನ ಮಗ್ಗುಲು ಬದಲಾಯಿಸ್ತೀನಿ. ಮೈ ಒರೆಸ್ತೀನಿ, ಹಾಸಿಗೆ ಬಟ್ಟೆ ಒಗೀತೀನಿ, ನಳಿಗೆಯಲ್ಲಿ ಊಟ ಇಳಿಸ್ತೀನಿ, ಮತ್ತೆ ಮಗ್ಗುಲು ಬದಲಾಯಿಸ್ತೀನಿ. ಹತ್ತಕ್ಕೆ ಟೋಪಿ. ಟೋಪಿ ಹಾಕಿದ ಹೊತ್ತಲ್ಲಿ ಅವರ ಪಕ್ಕದಲ್ಲೇ ಮೆಷಿನ್ ಮುಂದೆ ಕೂತು ಹೊಲೀತೀನಿ. ಶಾಲೆಯ ಅಂಗಿಗಳು ನೂರಾಹತ್ತು ಇವೆ, ತಾವೇ ಹೊಲ್ಕೊಳ್ಳಲ್ಲ. ಹಾಗಂತ ಗಮನ ಇಲ್ಲದೆ ಹೊಲೀತೀನಿ ಅಂದ್ಕೋಬೇಡ. ಡಬ್ಬಿ 'ಮುಷ್ಟಿ' ಅಂದ ಕೂಡಲೇ ಮೆಷಿನ್ ನಿಲ್ಲಿಸಿ, ನಾನೂ ಮುಷ್ಟಿ ಹಿಡಿದು, ಹಿಡೀರಿ ಹಿಡೀರಿ ಅಂತ ಮನಸ್ಸಲ್ಲೇ ಬೇಡ್ಕೋತೀನಿ. 'ಸುಮ್ಮನೆ' ಅಂದಾಗ ಮತ್ತೆ ಹೊಲಿಗೆ.

ನಾನು ಅವರ ಕೈ ಅಲ್ಲಾಡಿಸಿ ನಿನಗೆ ಮೋಸ ಮಾಡ್ತಿದೀನಿ ಅನ್ನೋ ಅನುಮಾನ ಇದ್ದರೆ ಬಾಯಿ ಬಿಟ್ಟು ಹೇಳು. ಏಪ್ರಿಲ್ ಆದ ಮೇಲೆ ಒಂದು ಸಲವೂ ಬಂದು ನೋಡದವಳಿಗೆ ವಿಚಾರಣೆ ಮಾಡೋದು ಮಾತ್ರ ಚೆನ್ನಾಗಿ ಬರುತ್ತೆ.

ಅತ್ತಿಗೆ

ಸೆಪ್ಟೆಂಬರ್ 14

ಅತ್ತಿಗೆ,

ಅನುಮಾನ ನಿಮ್ಮ ಮೇಲಲ್ಲ, ನನ್ನ ಮೇಲೆ. ನಾನು ಆರಿಸಿದ ಮೂರು ಗುರುತೂ ಅಣ್ಣನವಲ್ಲ. ನಿಮ್ಮ ಮೆಷಿನಿನ ಮೋಟಾರಿನವು.

ಮೋಟಾರು ತಿರುಗುವಾಗ ಒಂದು ಗುನುಗು ಬರುತ್ತೆ, ಅದು ಗಾಳಿಯಲ್ಲೇ ಬಿಲ್ಲೆಗಳಿಗೆ ಅಂಟಿಕೊಳ್ಳುತ್ತೆ. ಮನೆಯ ಕರೆಂಟಿನ ಗುನುಗಿಗೆ ನಾನು ಜರಡಿ ಹಾಕಿದ್ದೆ. ಇದು ಜರಡಿಯ ಕಣ್ಣಿಗಿಂತ ಮೇಲಿನ ಸ್ಥಾಯಿಯದು, ತೂರಿಕೊಂಡು ಬಂತು. 'ಮುಷ್ಟಿ' ಅಂದಾಗ ನೀವು ನಿಲ್ಲಿಸ್ತಿದ್ದಿರಿ, 'ಸುಮ್ಮನೆ' ಅಂದಾಗ ಓಡಿಸ್ತಿದ್ದಿರಿ. ನನ್ನ ಲೆಕ್ಕಕ್ಕೆ ಆ ಎರಡನ್ನು ಬೇರೆ ಮಾಡುವ ಗುರುತು ಬೇಕಿತ್ತು, ಸಿಕ್ಕಿತು. ಅದು ಯಾರದ್ದು ಅಂತ ಕೇಳುವ ಬುದ್ಧಿ ಲೆಕ್ಕಕ್ಕಿಲ್ಲ. ನನಗಿರಬೇಕಿತ್ತು. ಹದಿನಾರೂ ಬಿಲ್ಲೆಯಲ್ಲಿ ಒಂದೇ ಸಮ ಇದ್ದದ್ದನ್ನು ಕಂಡಾಗಲೇ ಎಚ್ಚರ ಆಗಬೇಕಿತ್ತು, ಖುಷಿಯಲ್ಲಿ ಕಣ್ಣು ಮುಚ್ಚಿಕೊಂಡೆ.

ಮೋಟಾರಿನ ಪಾಲನ್ನು ತೆಗೆದು ಮತ್ತೆ ನೋಡಿದೆ. ತೊಂಬತ್ತಾರು ಇದ್ದದ್ದು ಸ್ವಲ್ಪ ಕಡಿಮೆ ಆಗಿದೆ. ಧೈರ್ಯ ಬಿಡಬೇಡಿ. ಮೆಷಿನ್ ಮಾತ್ರ ಹೊರಗಿಡಿ.

ಗುಂಡಿ

ಸೆಪ್ಟೆಂಬರ್ 18

ಸ್ವಲ್ಪ ಅಂದರೆ ಎಷ್ಟು? ಅಳತೆಯ ಕೆಲಸದವಳಿಗೆ 'ಸ್ವಲ್ಪ' ಅಂತ ಬರೀತೀಯಲ್ಲ.

ಅತ್ತಿಗೆ

ಸೆಪ್ಟೆಂಬರ್ 22

ಅತ್ತಿಗೆ,

ಐವತ್ತೆರಡು.

ಸುಮ್ಮನೆ ನಾಣ್ಯ ಚಿಮ್ಮಿದರೂ ಐವತ್ತು ಬರುತ್ತೆ. ಅಂದರೆ ಆ ಕಾರ್ಡುಗಳಲ್ಲಿ ಅಣ್ಣನ ಕಡೆಯಿಂದ ನನಗೆ ಏನೂ ಕಾಣಲಿಲ್ಲ. ಇಲ್ಲ ಅಂತ ಅಲ್ಲ, ಕಾಣಲಿಲ್ಲ ಅಂತ.

ಇನ್ನೊಂದನ್ನೂ ಈಗಲೇ ಹೇಳಿಬಿಡ್ತೀನಿ. ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಬಂದಿದ್ದೆನಲ್ಲ. ಮಂಚದ ಹತ್ತಿರ ಡಾಕ್ಟರು ಆ ಮಾತು ಹೇಳಿದಾಗ ನೀವು ಅವರ ಜೊತೆ ಜಗಳಕ್ಕೆ ನಿಂತಿರಿ. ನಾನು ನಿಮ್ಮ ಬೆನ್ನ ಹಿಂದೆ ನಿಂತು, ಹೌದು ಅಂತ ತಲೆ ಆಡಿಸಿದೆ. ಅಣ್ಣನ ಕಣ್ಣು ನನ್ನ ಕಡೆಗೇ ತೆರೆದಿತ್ತು. ಆ ಮೇಲೆ ಬರೋಕೆ ನನಗೆ ಮುಖ ಇರಲಿಲ್ಲ. ಟೋಪಿ ಕಳಿಸಿದ್ದು ನಾನು ಬರದೇ ಇರೋಕೆ.

ಗುಂಡಿ

ಅಕ್ಟೋಬರ್ 6

ಅತ್ತಿಗೆ,

ಎರಡು ವಾರದಿಂದ ನಿಮ್ಮ ಕಾಗದವೂ ಇಲ್ಲ, ಕಾರ್ಡೂ ಇಲ್ಲ. ಕೋಪ ಮಾಡಿಕೊಳ್ಳೋದು ನ್ಯಾಯವೇ. ಸಾಕಾಗಿದ್ದರೆ ಟೋಪಿಯನ್ನು ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ, ನಾನೇನೂ ಅಂದುಕೊಳ್ಳಲ್ಲ. ನಿಮಗೆ ಆಸೆ ತೋರಿಸಿ ಕೈಬಿಟ್ಟ ಹಾಗಾಯ್ತು. ಡಾಕ್ಟರಿಗೆ ನಾನೇ ಬರೆದು ತಪ್ಪು ನನ್ನದು ಅಂತ ತಿಳಿಸ್ತೀನಿ.

ಗುಂಡಿ

ಅಕ್ಟೋಬರ್ 11

ಗುಂಡಿ,

ಡಾಕ್ಟರಿಗೆ ಬರೆದೆಯಾ? ಬರೆದಿದ್ದರೆ ಇನ್ನೊಂದು ಬರೆದು ಹಿಂದಕ್ಕೆ ತಗೋ. ಈ ಪೊಟ್ಟಣದಲ್ಲಿ ಹನ್ನೆರಡು ದಿನದ ಕಾರ್ಡುಗಳಿವೆ. ಕಾಗದ ಬರೆಯೋಕೆ ಪುರುಸೊತ್ತು ಇರಲಿಲ್ಲ, ಕೋಪ ಇರಲಿಲ್ಲ ಅಂತ ಅಲ್ಲ.

ಮೊದಲು ತಲೆ ಆಡಿಸಿದ ವಿಷಯ. ಆ ಕೋಣೆಯ ಬಾಗಿಲಿಗೆ ಗಾಜು ಇತ್ತು. ನೀನು ಆಡಿಸಿದ್ದು ನನಗೆ ಅದರಲ್ಲಿ ಕಾಣಿಸಿತು, ಅವತ್ತೇ. ಆರು ತಿಂಗಳು ನಿನಗೆ ನೆಟ್ಟಗೆ ಉತ್ತರ ಬರೆಯೋವಾಗೆಲ್ಲ ಹಲ್ಲು ಕಚ್ಚಿಕೊಂಡೇ ಬರೆದಿದ್ದು. ನೀನೇ ಹೇಳಿದೆಯಲ್ಲ, ಮುಗೀತು. ಅವರ ಹತ್ತಿರ ಕ್ಷಮೆ ಕೇಳೋದು ನಿನ್ನ ಕೆಲಸ, ಅದನ್ನು ನನ್ನ ಕೈಲಿ ಹೇಳಿಸಬೇಡ.

ಈಗ ಕೆಲಸದ ಮಾತು. ಮೆಷಿನನ್ನು ಹೊರಗಿನ ಕೋಣೆಗೆ ಹಾಕಿಸಿದೆ. ಬಾಗಿಲಿಗೆ 'ಸದ್ದು ಮಾಡಬೇಡಿ' ಅಂತ ಬೋರ್ಡು ಹಾಕಿದೆ. ಕರೆಗಂಟೆಗೆ ಬಟ್ಟೆ ಸುತ್ತಿದೆ. ನೋಡೋಕೆ ಬರ್ತಿದ್ದ ಡಿಪೋದ ಜನಕ್ಕೆಲ್ಲ, ಟೋಪಿ ಹೋಗೋ ತನಕ ಬರಬೇಡಿ ಅಂದೆ. ಹೊಸ್ತಿಲು ದಾಟೋಕೆ ಒಬ್ಬರನ್ನೂ ಬಿಟ್ಟಿಲ್ಲ.

ಇನ್ನೊಂದು, ಕೇಳದೆ ಮಾಡಿದೆ, ಬೈಬೇಡ. ನಿನ್ನ ಈ ಮುಷ್ಟಿ ಯಾರು ಕಂಡುಹಿಡಿದಿದ್ದು? ನಿನ್ನಣ್ಣ ಜನ್ಮದಲ್ಲಿ ಯಾರ ಮೇಲೂ ಮುಷ್ಟಿ ಹಿಡಿದವರಲ್ಲ. ನಾನು ಅವರ ಪಕ್ಕ ಕೂತು ಹೇಳಿದೆ, 'ನೋಡಿ, ಅದು ಮುಷ್ಟಿ ಅಂದಾಗಲೆಲ್ಲ ನೀವು ಬ್ರೇಕ್ ಒತ್ತಿ. ತುಂಬಿದ ಬಸ್ಸು, ಮುಂದೆ ನಿಲ್ದಾಣ, ಗೊತ್ತಲ್ಲ.' ಇಪ್ಪತ್ತಾರು ವರ್ಷ ದಿನಕ್ಕೆ ಸಾವಿರ ಸಲ ಒತ್ತಿದ ಕಾಲು ಅದು.

ಒತ್ತೋದು ಯಾರಿಗಾದರೂ ಬರುತ್ತೆ, ಬಿಡೋದರಲ್ಲಿ ಇರೋದು ಡ್ರೈವರ್‌ನ ಹೆಚ್ಚುಗಾರಿಕೆ ಅಂತಿದ್ದರು. ನಿಧಾನಕ್ಕೆ ಬಿಡಬೇಕು, ಮಗು ಎತ್ತಿಕೊಂಡು ನಿಂತವಳು ಮುಗ್ಗರಿಸಬಾರದು ಅನ್ನೋರು. ನಿನಗೆ ಉಪಯೋಗ ಆಗುತ್ತೋ ಇಲ್ಲವೋ, ಬರೆದಿದೀನಿ.

ಅತ್ತಿಗೆ

ಅಕ್ಟೋಬರ್ 24

ಅತ್ತಿಗೆ,

ಈ ಸಲ ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದು ಬೇಕಂತಲೇ. ಎಲ್ಲ ಕಡೆಯಿಂದ ಕುಟ್ಟಿ ನೋಡಿ ಬರೀತಿದೀನಿ.

ಮೊದಲ ದಿನ ನಿಮ್ಮ ಕಾರ್ಡುಗಳಲ್ಲೂ ಏನೂ ಸಿಗಲಿಲ್ಲ. ಐವತ್ತೈದು, ಐವತ್ತೇಳು. ಊಟಕ್ಕೆ ಹೋದವಳು ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ. ಬಿಡೋದರಲ್ಲಿ ಇರೋದು. ತಟ್ಟೆ ಅಲ್ಲೇ ಬಿಟ್ಟು ಮೇಲೆ ಓಡಿದೆ. ನಾನು ಪ್ರತಿ ಸಲ ಮೊದಲ ನಾಲ್ಕು ಸೆಕೆಂಡನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಎಸೀತಿದ್ದೆ, ಒತ್ತುವ ಹೊತ್ತು ಅಷ್ಟೇ ಅಲ್ಲವಾ ಅಂತ. ಎಸೆದಿದ್ದನ್ನು ಹೆಕ್ಕಿ ತಂದು ನೋಡಿದೆ.

ನಡುನೆತ್ತಿಯ ಒಂದೇ ಒಂದು ಬಿಲ್ಲೆ. ಮಿದುಳಿನಲ್ಲಿ ಕಾಲು ಆಡಿಸುವ ಜಾಗ ಅದರ ಕೆಳಗಿದೆ. ಅಣ್ಣ ಬ್ರೇಕ್ ಒತ್ತುವಾಗ ಅಲ್ಲಿನ ಅಲೆ ಒಂಚೂರು ತಗ್ಗುತ್ತೆ, ಅದು ನಂಬೋಕೆ ಆಗದಷ್ಟು ಚಿಕ್ಕದು. ಆದರೆ ಬಿಟ್ಟ ಮೇಲೆ, ಆರನೇ ಸೆಕೆಂಡಿನ ಹತ್ತಿರ, ಒಂದು ಸೆಕೆಂಡು ಪುಟಿದು ಎದ್ದು ನಿಲ್ಲುತ್ತೆ. 'ಸುಮ್ಮನೆ' ಅಂದಾಗ ಎದ್ದೇಳಲ್ಲ. ಕಾಲು ಬಿಟ್ಟಾಗ ಹೀಗಾಗುತ್ತೆ ಅನ್ನೋದು ಪುಸ್ತಕದಲ್ಲಿ ಇರುವ ಸಂಗತಿಯೇ. ಕೈಗೇ ಕಣ್ಣು ನೆಟ್ಟು ಕೂತ ನನಗೆ ಹೊಳೀಲಿಲ್ಲ. ಆರುನೂರರಲ್ಲಿ ನನಗೆ ಬೇಕಾದ್ದು ಈಗ ಎರಡೇ: ನೆತ್ತಿಯ ಆ ತಗ್ಗು, ನೆತ್ತಿಯ ಆ ಪುಟಿತ.

ಎಂಟು ದಿನದ ಕಾರ್ಡು ನೋಡಿ ಗುರುತು ಆರಿಸಿದೆ. ಉಳಿದ ನಾಲ್ಕು ದಿನದ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಪಕ್ಕದ ಮೇಜಿನವಳಿಗೆ ಕೊಟ್ಟಿದ್ದೆ. ಆಮೇಲೆ ತೆಗೆದು ಪರೀಕ್ಷೆ ಮಾಡಿದೆ. ನೂರಕ್ಕೆ ಎಂಬತ್ತಾರು. ಈ ಎಂಬತ್ತಾರು ಆ ತೊಂಬತ್ತಾರಿಗಿಂತ ದೊಡ್ಡದು, ಅತ್ತಿಗೆ. ಇದು ಅಣ್ಣನದೇ.

ಆದರೂ ಡಾಕ್ಟರ ಮುಂದೆ ಯಾರೂ ಬೆರಳು ತೋರಿಸಬಾರದು. ಅದಕ್ಕೆ ಹೀಗೆ ಮಾಡೋಣ. ಡಬ್ಬಿಗೆ ಹೊಸ ಕಾರ್ಡು ಕಳಿಸ್ತಿದೀನಿ. ಪ್ರಶ್ನೆ ಓದಿ ಗುಂಡಿ ಒತ್ತಿದರೆ ಡಬ್ಬಿ ಏಳು ಸಲ ಸಮಯ ಕೊಟ್ಟು, ಹೆಚ್ಚು ಬಂದದ್ದನ್ನು ಲೆಕ್ಕ ಹಾಕಿ ದೀಪ ಹಚ್ಚುತ್ತೆ. ಅಣ್ಣ ಬ್ರೇಕ್ ಒತ್ತಿ ಬಿಟ್ಟರೆ ಹೌದು, ಹಸಿರು; ಸುಮ್ಮನಿದ್ದರೆ ಇಲ್ಲ, ಕೆಂಪು. ಅಂಟಿಸಿದ ಲಕೋಟೆಯಲ್ಲಿ ಹತ್ತು ಪ್ರಶ್ನೆ ಇವೆ. ಎಲ್ಲ ನನ್ನ ಮತ್ತು ಅಣ್ಣನ ಹಳೇ ಸಂಗತಿಗಳು, ಉತ್ತರ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನೀವು ಬೇಡಿಕೊಳ್ಳೋಕೂ ಆಗಲ್ಲ. ಸರಿಯುತ್ತರದ ಪಟ್ಟಿಯನ್ನು ಡಾಕ್ಟರಿಗೆ ಬೇರೆಯೇ ಅಂಚೆಯಲ್ಲಿ ಕಳಿಸಿದೀನಿ.

ಗುಂಡಿ

ನವೆಂಬರ್ 8

ಗುಂಡಿ,

ನಾಲ್ಕು ದಿನದಲ್ಲಿ ಹತ್ತೂ ಕೇಳಿ ಮುಗಿಸಿ, ಮೊನ್ನೆ ಆಸ್ಪತ್ರೆಗೆ ಹೋಗಿ ಡಾಕ್ಟರ ಪಟ್ಟಿಯ ಪಕ್ಕ ನನ್ನ ಪಟ್ಟಿ ಇಟ್ಟೆ. ಒಂಬತ್ತು ಸರಿ.

ನೀನು ಅಪ್ಪನ ಗಡಿಯಾರದ ಮುಳ್ಳು ಮುರಿದಿದ್ದು ಹೌದು, ನಾಯಿಗೆ ನಿನ್ನ ಹೆಸರಿಟ್ಟಿದ್ದು ಹೌದು, ಬಾವಿಯಲ್ಲಿ ಚಪ್ಪಲಿ ಬಿದ್ದಿದ್ದು ಅವರದಲ್ಲ. ಎಂಥ ಮನೆಗೆ ಬಂದು ಸೇರಿದೆನೋ ಅನ್ನಿಸಿತು.

ತಪ್ಪಿದ್ದು ಏಳನೆಯದು. 'ನನ್ನ ಮೊದಲ ಸಂದರ್ಶನದ ದಿನ ನಾನು ಓಡಿ ಬರೋದನ್ನು ನೋಡಿ ನೀನು ಬಸ್ಸನ್ನು ಆರು ನಿಮಿಷ ತಡೆದು ನಿಲ್ಲಿಸಿದೆ. ಅದು ನಿನ್ನ ಮೇಲಿನವರಿಗೆ ಗೊತ್ತಾಯ್ತಾ?' ನಿನ್ನ ಪಟ್ಟಿಯಲ್ಲಿ 'ಇಲ್ಲ' ಅಂತಿತ್ತು. ಅವರು ಹಸಿರು ಹಚ್ಚಿದರು. ಡಾಕ್ಟರು 'ಹತ್ತರಲ್ಲಿ ಒಂಬತ್ತು ಬಹಳವೇ ಆಯ್ತಮ್ಮ' ಅಂದರು. ನನಗೆ ಮಾತ್ರ ಅದು ಬಗೆಹರಿಯಲಿಲ್ಲ. ಹಸಿರು ಬಂದಿದ್ದು ನಾಲ್ಕಕ್ಕೆ ಮೂರರ ಹಾಗೆ ಅಲ್ಲ, ಏಳಕ್ಕೆ ಏಳು.

ಮನೆಗೆ ಬಂದು ಅವರ ಟ್ರಂಕು ತೆಗೆದೆ. ಲೈಸೆನ್ಸು, ಹಳೇ ಬ್ಯಾಡ್ಜು, ತಳದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಡಿಪೋದ ಮುದ್ರೆ ಇದೆ. ನಿನ್ನ ಸಂದರ್ಶನ ಆದ ಮೂರನೇ ದಿನದ ತಾರೀಕು. 'ಕಾರಣವಿಲ್ಲದೆ ವಾಹನ ತಡೆದಿದ್ದಕ್ಕಾಗಿ ಹತ್ತು ದಿನ ಕೆಲಸದಿಂದ ಹೊರಗೆ.' ಆ ಹತ್ತು ದಿನ ನನಗೆ ಚೆನ್ನಾಗಿ ನೆನಪಿದೆ. ಬೆನ್ನುನೋವು, ರಜೆ ಹಾಕಿದೀನಿ ಅಂದಿದ್ದರು. ನಾನು ಎಣ್ಣೆ ಕಾಯಿಸಿ ಬೆನ್ನು ತಿಕ್ಕಿದ್ದೆ! ಇಲ್ಲದ ನೋವಿಗೆ ಹಾಯ್ ಹಾಯ್ ಅಂದುಕೊಂಡು ಮಲಗಿದ್ದರು.

ಆ ಕಾಗದ ಹಿಡಿದು ಹೋಗಿ ಅವರ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಎಂಟು ತಿಂಗಳಲ್ಲಿ ಮೊದಲ ಸಲ. ಎಷ್ಟು ಹಗುರ ಆಯ್ತು ಅಂತೀಯ!

ಅತ್ತಿಗೆ

ನವೆಂಬರ್ 13

ಅತ್ತಿಗೆ,

ಕಾಗದ ಓದಿ ಕೆಲಸದ ಜಾಗದಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಹತ್ತು ದಿನದಲ್ಲೇ ನಾನು ಕೆಲಸ ಸಿಕ್ಕಿತು ಅಂತ ಕುಣಿಯುತ್ತಾ ನಿಮ್ಮ ಮನೆಗೆ ಬಂದಿದ್ದೆ. ಅಣ್ಣ ಹಾಸಿಗೆಯಲ್ಲೇ ಮಲಗಿ, 'ಬೆನ್ನು ಹೋದರೂ ಪರವಾಗಿಲ್ಲ, ಗುಂಡಿ ಗೆದ್ದಳು' ಅಂದಿದ್ದ. ಬೆನ್ನಿನ ಮಾತು ಬೆನ್ನಿನದೇ ಅಂದುಕೊಂಡಿದ್ದೆ.

ಆ ತಪ್ಪು ಉತ್ತರ ಉಳಿದ ಒಂಬತ್ತಕ್ಕಿಂತ ದೊಡ್ಡ ಸಾಕ್ಷಿ. ನನಗೂ ನಿಮಗೂ ಗೊತ್ತಿರದ ಸಂಗತಿ ಅವನೊಬ್ಬನಿಂದಲೇ ಬರಬೇಕು. ನೀವು ಕಳಿಸಿದ ಆ ಡಿಪೋ ಕಾಗದದ ಪ್ರತಿಯನ್ನು ಹಿರಿಯರಿಗೆ ತೋರಿಸಿದೆ. ಟೋಪಿ ಮಾರ್ಚ್ ತನಕ ನಿಮ್ಮಲ್ಲೇ ಇರಲಿ ಅಂದರು. ಡಾಕ್ಟರು ಬಂದಾಗ ಏನಂದರು ಅಂತ ಬರೆಯಿರಿ.

ಗುಂಡಿ

ನವೆಂಬರ್ 21

ಗುಂಡಿ,

ಡಾಕ್ಟರು ಬಂದಿದ್ದರು. ಈ ಸಲ ಮಂಚದ ಕಾಲ ಹತ್ತಿರ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ತಲೆಯ ಪಕ್ಕ ಕೂತು, ಅವರಿಗೇ ಹೇಳಿದರು: 'ನಾನು ತಪ್ಪು ಹೇಳಿದ್ದೆ, ಅದು ನಿಮಗೆ ಕೇಳಿಸಿತ್ತಾ?' ಹಸಿರು. ಡಾಕ್ಟರು ಕನ್ನಡಕ ತೆಗೆದು ಸುಮಾರು ಹೊತ್ತು ಒರೆಸಿದರು.

ನಿನಗೆ ಬಚ್ಚಿಟ್ಟಿದ್ದ ಒಂದು ವಿಷಯ ಇದೆ. ಜುಲೈನಲ್ಲೇ ಡಾಕ್ಟರು ಒಂದು ಅರ್ಜಿ ಕೊಟ್ಟಿದ್ದರು, ದೊಡ್ಡ ರಸ್ತೆಯ ಆರೈಕೆ ಕೇಂದ್ರಕ್ಕೆ. ಎಂಟು ಹಾಸಿಗೆಯ ಹಾಲ್, ನರ್ಸುಗಳು ಎಲ್ಲ ಇದ್ದಾರೆ. ಡಿಸೆಂಬರ್ ಐದರೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಅದನ್ನು ಬಟ್ಟೆ ತುಂಡುಗಳ ಚೀಲದಲ್ಲಿ ತುರುಕಿದ್ದೆ. ಗಿಡಕ್ಕೆ ನೀರು ಹಾಕಿದ ಹಾಗೆ ನೋಡಿಕೊಳ್ಳೋ ಜಾಗಕ್ಕೆ ಅವರನ್ನು ಯಾಕೆ ಕಳಿಸಲಿ? ಟೋಪಿಯ ಕೆಲಸಕ್ಕೆ ನಾನು ಅಷ್ಟು ಒದ್ದಾಡಿದ್ದು ಅದಕ್ಕೇ. ಅವರು ಒಳಗಿದ್ದಾರೆ ಅಂತ ಗೊತ್ತಾದರೆ, ಇಲ್ಲೇ ಇರ್ತೀನಿ ಅಂತ ಅವರೇ ಹೇಳ್ತಾರಲ್ಲ.

ಡಾಕ್ಟರು ಎದ್ದು ಹೋಗೋ ಮುಂಚೆ ಅದನ್ನೂ ಕೇಳಿಬಿಟ್ಟರು. 'ಕೇಂದ್ರಕ್ಕೆ ಹೋಗೋಕೆ ಇಷ್ಟ ಇದೆಯಾ?'

ಹಸಿರು.

ದೀಪದ ತಲೆ ಕೆಟ್ಟಿದೆ. ಜೆಲ್ ಒಣಗಿತ್ತು. ಅಥವಾ ಡಾಕ್ಟರ ಜೇಬಿನ ಫೋನು ಗುನುಗಿರಬೇಕು. ನೀನು ಐನೂರ ತೊಂಬತ್ತನ್ನು ಕಸ ಅಂತ ಎಸೆದೆಯಲ್ಲ, ಇದನ್ನೂ ಅದರ ಜೊತೆ ಸೇರಿಸು. ಅಷ್ಟು ಬರೆದು ಕಳಿಸು, ಡಾಕ್ಟರಿಗೆ ತೋರಿಸ್ತೀನಿ.

ಅತ್ತಿಗೆ

ನವೆಂಬರ್ 26

ಅತ್ತಿಗೆ,

ಆ ದಿನದ ಕಾರ್ಡನ್ನು ನಾಲ್ಕು ಸಲ ನೋಡಿದೆ. ಏನಾದರೂ ಕಸ ಸಿಗಲಿ ಅಂತ ನಿಜವಾಗಿ ಹುಡುಕಿದೆ. ಜೆಲ್ ಒಣಗಿರಲಿಲ್ಲ. ಫೋನು ಗುನುಗಿರಲಿಲ್ಲ. ನೆತ್ತಿಯ ಬಿಲ್ಲೆಯಲ್ಲಿ ಅಲೆ ತಗ್ಗಿ ಎದ್ದದ್ದು ಬಸ್ಸು ತಡೆದ ಆ ಏಳನೇ ಪ್ರಶ್ನೆಗೆ ಎದ್ದಷ್ಟೇ ಸ್ವಚ್ಛವಾಗಿ ಇದೆ.

ನೀವು ಕೇಳಿದ ಕಾಗದ ನಾನು ಬರೆಯಲ್ಲ. ನಮಗೆ ಇಷ್ಟವಾದ ಉತ್ತರವನ್ನು ಮಾತ್ರ ಉಳಿಸಿಕೊಂಡರೆ ಮಾತಾಡ್ತಿರೋದು ಅಣ್ಣನಲ್ಲ, ನಾವು. ಆಗಸ್ಟ್‌ನಲ್ಲಿ ಆಗಿದ್ದೂ ಅದೇ ತಾನೆ? ಅಣ್ಣನ ಹೆಸರಲ್ಲಿ ಮಾತಾಡಿದ್ದು ನಿಮ್ಮ ಮುಷ್ಟಿ, ಅದನ್ನು ಕೇಳಿ ಹಿಗ್ಗಿದ್ದು ನನ್ನ ಆಸೆ. ಒಬ್ಬ ಮನುಷ್ಯನ ತಲೆಯಿಂದ ಒಂದು ಮಾತು ಹೊರಗೆ ಬರೋಕೆ ಎಂಟು ತಿಂಗಳು ಹಿಡಿಯಿತು. ಬಂದ ಮೇಲೆ ಅದನ್ನು ತಿದ್ದೋಕೆ ನನಗೆ ಮನಸ್ಸಿಲ್ಲ.

ಆದರೆ ಒಂದೇ ಉತ್ತರ ನಂಬಿ ಅರ್ಜಿಗೆ ಸಹಿ ಹಾಕಲೂಬೇಡಿ. ಪ್ರಶ್ನೆಯನ್ನು ತಿರುಗಿಸಿ ಕೇಳಿ: 'ಮನೆಯಲ್ಲೇ ಇರ್ತೀರಾ?' ಆಗ ಕೆಂಪು ಬರಬೇಕು. ಮೂರು ಬೇರೆ ಬೇರೆ ದಿನ ಕೇಳಿ. ಆಮೇಲೆ ಯಾಕೆ ಅಂತ ಕೇಳಿ. ಅವನು 'ಯಾಕೆ'ಗೆ ಉತ್ತರ ಹೇಳಲಾರ, ಕಾರಣಗಳನ್ನು ನೀವೇ ಒಂದೊಂದಾಗಿ ಅವನ ಮುಂದೆ ಇಡಬೇಕು. ನಿಮಗೆ ಕೇಳೋಕೆ ಭಯವಾಗುವ ಕಾರಣವನ್ನೂ ಬಿಡಬೇಡಿ.

ಗುಂಡಿ

ಡಿಸೆಂಬರ್ 3

ಗುಂಡಿ,

ನಿನ್ನ ಕಾಗದ ಓದಿದ ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಒಂದು ತೋಳನ್ನು ಉಲ್ಟಾ ಹೊಲಿದೆ. ಬಿಚ್ಚಿ ಮತ್ತೆ ಹೊಲಿಯೋ ಹೊತ್ತಿಗೆ ನೀನು ಹೇಳಿದ್ದು ಸರಿ ಅನ್ನಿಸಿತು.

ಮೂರು ದಿನ ಕೇಳಿದೆ. ಮೂರು ದಿನವೂ ಹೋಗ್ತೀನಿ. ತಿರುಗಿಸಿ ಕೇಳಿದೆ, ಕೆಂಪು. ಆಮೇಲೆ ಕಾರಣಕ್ಕೆ ಕೂತೆ.

'ನಾನು ಸುಸ್ತಾಗಿದೀನಿ ಅಂತಾನಾ?' ಕೆಂಪು. ನನಗೆ ಸ್ವಲ್ಪ ಬೇಜಾರೂ ಆಯ್ತು.

'ಅಲ್ಲಿ ವ್ಯಾಯಾಮ ಮಾಡಿಸ್ತಾರೆ ಅಂತಾನಾ?' ಕೆಂಪು.

ನಿನ್ನ ಮಾತಿಗೆ ಕಟ್ಟುಬಿದ್ದು ಭಯದ್ದನ್ನೂ ಕೇಳಿದೆ. 'ನಿಮಗೆ ನಾನು ಬೇಜಾರಾಗಿದೀನಾ?' ಏಳು ಸಲ ಡಬ್ಬಿ ಸಮಯ ಕೊಡೋ ತನಕ ನೆಲ ನೋಡ್ತಾ ನಿಂತಿದ್ದೆ. ಕೆಂಪು. ಆಮೇಲೆ ಡಬ್ಬಿಯ ಲೆಕ್ಕ ನೋಡಿದರೆ ಏಳಕ್ಕೆ ಏಳೂ ಕೆಂಪು. ನೋಡ್ಕೋ.

'ಹಾಗಾದರೆ ಈ ರೂಮು ಬೇಜಾರಾ?' ಹಸಿರು.

ಸುತ್ತ ನೋಡಿದೆ. ಕರೆಗಂಟೆಗೆ ಬಟ್ಟೆ. ಬಾಗಿಲಿಗೆ ಬೋರ್ಡು. ಮೆಷಿನ್ ಕೂಡ ಇಲ್ಲ. ಆಗ ನನಗೆ ಹೊಳೆಯಿತು, ಗುಂಡಿ. ಇಪ್ಪತ್ತಾರು ವರ್ಷ ಬೆನ್ನ ಹಿಂದೆ ಅರವತ್ತು ಜನರ ಗಲಾಟೆ ಇಟ್ಟುಕೊಂಡು ಬದುಕಿದ ಮನುಷ್ಯ. ಅವರ ಮಾತು ನಮಗೆ ಕೇಳಿಸಲಿ ಅಂತ ನಾನು ಅವರ ಸುತ್ತ ಇದ್ದ ಮಾತನ್ನೆಲ್ಲ ಹೊರಗಟ್ಟಿದ್ದೆ.

'ನಿಮಗೆ ಜನ ಬೇಕಾ?' ಅಂದೆ.

ಹಸಿರು ಬಂತು. ನಾನು ಅವರ ಕೈ ಹಿಡಿದುಕೊಂಡು ಅತ್ತೆ, ನಕ್ಕೆ, ಎರಡೂ. ಬೋರ್ಡು ಕಿತ್ತು ಹಾಕಿದೆ. ಡಿಪೋದವರಿಗೆ ಹೇಳಿ ಕಳಿಸಿದೆ, ಸಂಜೆಗೆ ಒಂಬತ್ತು ಜನ ಬಂದು ಕೂತು ಹೊಸ ಮ್ಯಾನೇಜರನ್ನು ಬಾಯ್ತುಂಬ ಬೈದು ಹೋದರು. ಅರ್ಜಿಗೆ ಸಹಿ ಹಾಕಿದೆ. ನಾಳಿದ್ದು ಹೋಗ್ತೀವಿ. ನಾನೂ ಹಗಲಿಡೀ ಅಲ್ಲೇ ಇರಬಹುದು ಅಂದಿದ್ದಾರೆ.

ಅಷ್ಟು ಗಲಾಟೆಯಲ್ಲಿ ನಿನ್ನ ಟೋಪಿ ನಡೆಯುತ್ತಾ?

ಅತ್ತಿಗೆ

ಡಿಸೆಂಬರ್ 8

ಅತ್ತಿಗೆ,

ಮೊದಮೊದಲು ಸರಿಯಾಗಿ ನಡೆಯಲ್ಲ. ಎಂಬತ್ತಾರು ಎಪ್ಪತ್ತಕ್ಕೆ ಇಳಿಯಬಹುದು. ಇಳಿಯಲಿ. ಆ ಹಾಲ್‌ನಲ್ಲೇ, ಆ ಸದ್ದಿನಲ್ಲೇ ಮತ್ತೆ ಹೊಸದಾಗಿ ಆರಿಸ್ತೀನಿ. ಹೊಸ ಜಾಗಕ್ಕೆ ಹೊಸ ಕಸ, ಹೊಸ ಜರಡಿ. ಅದು ದೂರದಿಂದ ಕಾರ್ಡು ತರಿಸಿಕೊಂಡು ಮಾಡುವ ಕೆಲಸವಲ್ಲ. ಇಪ್ಪತ್ತಕ್ಕೆ ಬರ್ತಿದೀನಿ, ಮೂರು ವಾರ ಇರ್ತೀನಿ. ಅಣ್ಣನಿಗೆ ಹೇಳಬೇಕಾದ್ದನ್ನು ನಾನೇ ಹೇಳ್ತೀನಿ, ಅವನು ಕೆಂಪು ಹಚ್ಚಿದರೂ ಸರಿ.

ಗುಂಡಿ

ಡಿಸೆಂಬರ್ 16

ಗುಂಡಿ,

ಬರುವಾಗ ದಪ್ಪ ಕಾಲುಚೀಲ ತಗೊಂಡು ಬಾ, ನಿನಗೂ ನನಗೂ. ಯಾಕೆ ಅಂತ ಹೇಳ್ತೀನಿ.

ಇವರ ಹಾಸಿಗೆ ಮೂಲೆಯಲ್ಲಿ, ಕಿಟಕಿಯ ಪಕ್ಕ. ಕೆಳಗೆ ದೊಡ್ಡ ರಸ್ತೆ. ಆಚೆ ಹಾಸಿಗೆಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಸೊಂಟ ಮುರಿದುಕೊಂಡವರು, ಕೋಲು ಹಿಡಿದು ನಡೀತಾರೆ. ಇಡೀ ಹಾಲ್‌ಗೆ ತಾವೇ ಮಾನಿಟರ್ ಅಂದುಕೊಂಡಿದ್ದಾರೆ. ಮೊದಲ ದಿನ ಟೋಪಿ ನೋಡಿ 'ಇದೇನು ನಾಟಕ' ಅಂದರು. ಎರಡನೇ ದಿನ ತಾವೇ ಬಂದು ಪ್ರಶ್ನೆ ಕೇಳಿದರು. ಈಗ ದಿನಾ ಊಟ ಆದ ಮೇಲೆ ಇವರ ಮಂಚದ ಸುತ್ತ ಜನ. ನಿನ್ನೆ ಇಬ್ಬರು ನರ್ಸುಗಳ ಜಗಳಕ್ಕೆ ಇವರನ್ನೇ ಪಂಚಾಯ್ತಿಗೆ ಕೂರಿಸಿದರು. ದೀಪ ಆಗಾಗ ತಪ್ಪುತ್ತೆ, ನೀನು ಹೇಳಿದ ಹಾಗೇ. ತಪ್ಪಿದರೆ ಮತ್ತೆ ಕೇಳ್ತಾರೆ, ಯಾರಿಗೂ ಅವಸರ ಇಲ್ಲ.

ಇವತ್ತು ಬೆಳಿಗ್ಗೆ ಚಳಿ ಜೋರಾಗಿತ್ತು. ಏಳು ಜನವೂ ಕಿಟಕಿ ಮುಚ್ಚಿರಲಿ ಅಂದರು. ಮೇಷ್ಟ್ರು ಚಿಲಕ ಹಾಕಿ ವಾಪಸ್ ಬರ್ತಿದ್ದವರು, ಇವರ ಮಂಚದ ಹತ್ತಿರ ನಿಂತು, 'ಏನಪ್ಪಾ ಡ್ರೈವರ್, ನಿನ್ನನ್ನು ಕೇಳೋದೇ ಮರೆತೆ. ತೆಗೀಬೇಕಾ?' ಅಂದರು.

ಏಳು ಸಲ ಮುಗಿಯೋಕೆ ಒಂದು ನಿಮಿಷದ ಮೇಲೆ ಬೇಕು. ಇಡೀ ಹಾಲ್ ಕಾದಿತ್ತು.

ಹಸಿರು.

ಮೇಷ್ಟ್ರು ಗೊಣಗಿದರು, ಆದರೆ ಹೋಗಿ ಚಿಲಕ ತೆಗೆದರು. ಬಸ್ಸುಗಳ ಸದ್ದು ಒಳಗೆ ನುಗ್ಗಿತು. ಈಗ ಎಂಟೂ ಜನಕ್ಕೆ ಕುತ್ತಿಗೆ ತನಕ ಕಂಬಳಿ ಇದೆ, ಒಬ್ಬರೂ ಮುಚ್ಚಿ ಅಂತಿಲ್ಲ. ನಾನು ಕೋಟು ಹಾಕಿಕೊಂಡೇ ಇದನ್ನು ಬರೀತಿದೀನಿ.

ಅತ್ತಿಗೆ